ಇಂಗ್ಲಿಷ್ ಪರೀಕ್ಷೆಗೆ ಅಪರಾಧದ ಪದಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಸ್ಟಾಫ್ ನರ್ಸ್ ಆಗಿದ್ದು, ಬ್ರಿಟನ್ನಿನಲ್ಲಿ ಕೆಲಸಕ್ಕೆ ಸೇರಲು ಐಇಎಲ್‌ಟಿಎಸ್ ಪರೀಕ್ಷೆಗೆ ತಯಾರಾಗುತ್ತಿದ್ದೇನೆ. ಉಳಿದ ವಿಭಾಗಗಳಲ್ಲಿ ಅಂಕ ಬರುತ್ತಿದ್ದರೂ ಬರವಣಿಗೆ 6ರಿಂದ ಮೇಲೇಳುತ್ತಿಲ್ಲ. ಅದರಲ್ಲೂ ‘ಅಪರಾಧ ಮತ್ತು ಶಿಕ್ಷೆ’ಯ ಮೇಲೆ ಪ್ರಬಂಧ ಬರೆಯಬೇಕಾಗಿ ಬಂದರೆ ದಿಕ್ಕು ತೋಚುವುದಿಲ್ಲ. ಈ ವಿಷಯದ ನೂರಾರು ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದೇನೆ. ಆದರೂ ನನ್ನ ಪ್ರಬಂಧ ತಿದ್ದುವವರು ‘ಪದ ಗೊತ್ತಿದೆ, ಬಳಕೆ ಗೊತ್ತಿಲ್ಲ’ ಎಂದು ಬರೆಯುತ್ತಾರೆ. ಎಷ್ಟು ಪದ ಕಲಿಯಬೇಕು, ಹೇಗೆ ಕಲಿಯಬೇಕು ಎಂದು ದಯವಿಟ್ಟು ತಿಳಿಸಿ.
— ಓದುಗರೊಬ್ಬರು, ಹಾಸನ

ಉತ್ತರ: ಬ್ರಿಟನ್ನಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ಆಲಿಸುವಿಕೆ, ಓದು ಮತ್ತು ಮಾತಿನಲ್ಲಿ 7ನ್ನು ಕೇಳುತ್ತದೆಯಾದರೂ ಬರವಣಿಗೆಯಲ್ಲಿ 6.5 ಸಾಕೆನ್ನುತ್ತದೆ. ಅಂದರೆ ನೀವು ದಾಟಬೇಕಾದದ್ದು ಅರ್ಧ ಅಂಕದ ಅಂತರವನ್ನು ಮಾತ್ರ. ಪ್ರಬಂಧಕ್ಕೆ ಅಂಕ ಕೊಡುವಾಗ ಪರೀಕ್ಷಕರು ನಾಲ್ಕು ಮಾನದಂಡಗಳನ್ನು ನೋಡುತ್ತಾರೆ: ಪ್ರಶ್ನೆಗೆ ಉತ್ತರ ಕೊಟ್ಟ ಬಗೆ, ವಿಚಾರಗಳ ಜೋಡಣೆ, ಪದಸಂಪತ್ತು, ವ್ಯಾಕರಣ. ನಾಲ್ಕಕ್ಕೂ ಸಮಾನ ತೂಕವಿರುವುದರಿಂದ ಪದಸಂಪತ್ತಿನ ಪಾಲು ಕಾಲುಭಾಗವಷ್ಟೇ ಆಗುತ್ತದೆ. ಆ ಕಾಲುಭಾಗದಲ್ಲಿಯೂ ಪರೀಕ್ಷಕರು ಅಪರೂಪದ ಪದಗಳನ್ನು ಎಣಿಸುತ್ತ ಕೂರುವುದಿಲ್ಲ. ಯಾವ ಪದದ ಜೊತೆ ಯಾವ ಪದ ಸಹಜವಾಗಿ ಬರುತ್ತದೆ ಎಂಬ ಅರಿವು ಬರೆದವರಿಗೆ ಇದೆಯೇ ಎಂದು ನೋಡುತ್ತಾರೆ. ನಿಮ್ಮ ಪ್ರಬಂಧ ತಿದ್ದುವವರು ಹೇಳಿದ್ದೂ ಇದನ್ನೇ ಎಂದು ನನಗೆ ತೋರುತ್ತದೆ.

ಆದ್ದರಿಂದ ಪಟ್ಟಿಯನ್ನು ಬದಿಗಿಟ್ಟು ಒಂದು ಪ್ರಕರಣವನ್ನು ಹಿಡಿದುಕೊಳ್ಳಿ. ಅಪರಾಧದ ಇಂಗ್ಲಿಷ್ ಪದಗಳು ಹೆಚ್ಚಾಗಿ ಒಂದು ದಾರಿಯುದ್ದಕ್ಕೂ ಸಾಲಾಗಿ ನಿಂತಿರುತ್ತವೆ. ಕೃತ್ಯ ನಡೆದ ಕ್ಷಣದಿಂದ ಕೈದಿ ಬಿಡುಗಡೆಯಾಗುವ ದಿನದವರೆಗೆ ಆ ದಾರಿಯಲ್ಲಿ ನಡೆದರೆ ಪ್ರಬಂಧಕ್ಕೆ ಬೇಕಾದ ಕ್ರಿಯಾಪದಗಳೆಲ್ಲ ಎದುರಾಗುತ್ತವೆ. ಒಬ್ಬನು ಅಪರಾಧವನ್ನು ‘ಕಮಿಟ್’ ಮಾಡುತ್ತಾನೆ. ಇಲ್ಲಿ ‘ಡೂ’ ಎಂಬ ಕ್ರಿಯಾಪದ ಹೊಂದುವುದಿಲ್ಲ. ಪೊಲೀಸರು ಮೊದಲು ಅವನನ್ನು ‘ಸಸ್ಪೆಕ್ಟ್’ ಮಾಡುತ್ತಾರೆ, ಆಮೇಲೆ ‘ಅರೆಸ್ಟ್’ ಮಾಡುತ್ತಾರೆ, ಬಳಿಕ ಅವನ ಮೇಲೆ ‘ಚಾರ್ಜ್’ ಹೊರಿಸಲಾಗುತ್ತದೆ. ನ್ಯಾಯಾಲಯ ಅವನನ್ನು ‘ಕನ್ವಿಕ್ಟ್’ ಮಾಡಬಹುದು ಅಥವಾ ‘ಅಕ್ವಿಟ್’ ಮಾಡಬಹುದು, ಅಂದರೆ ಖುಲಾಸೆಗೊಳಿಸಬಹುದು. ಅಪರಾಧ ಸಾಬೀತಾದರೆ ‘ಸೆಂಟೆನ್ಸ್’ ವಿಧಿಸುತ್ತದೆ, ಅವನು ಅದನ್ನು ‘ಸರ್ವ್’ ಮಾಡುತ್ತಾನೆ, ‘ರಿಲೀಸ್’ ಆಗುತ್ತಾನೆ. ಹೊರಬಂದವನು ಮತ್ತೆ ಅಪರಾಧಕ್ಕಿಳಿದರೆ ಅದು ‘ರೀಅಫೆಂಡ್’. ಎಣಿಸಿ ನೋಡಿದರೆ ಇವು ಹತ್ತು ಹನ್ನೆರಡು ಕ್ರಿಯಾಪದಗಳು, ಅಷ್ಟೇ.

ಕಷ್ಟವಿರುವುದು ಇವುಗಳ ಬೆನ್ನಿಗೆ ಬರುವ ಪುಟ್ಟ ಪದಗಳಲ್ಲಿ. ಕನ್ನಡದಲ್ಲಿ ‘ಕಳ್ಳತನದ ಆರೋಪ’, ‘ಕೊಲೆಯ ಆರೋಪ’, ‘ಕೊಲೆಗೆ ಶಿಕ್ಷೆ’ ಎಂದು ವಿಭಕ್ತಿ ಪ್ರತ್ಯಯವೇ ಆ ಕೆಲಸವನ್ನು ಸದ್ದಿಲ್ಲದೆ ಮಾಡಿಬಿಡುವುದರಿಂದ, ಇಂಗ್ಲಿಷಿನಲ್ಲಿ ಪ್ರತಿ ಕ್ರಿಯಾಪದಕ್ಕೂ ತನ್ನದೇ ಸಂಗಾತಿ ಇದೆ ಎಂಬುದು ನಮಗೆ ಹೊಳೆಯುವುದಿಲ್ಲ. ‘ಅಕ್ಯೂಸ್ಡ್’ ಪದಕ್ಕೆ ‘ಆಫ್’ ಬೇಕು, ‘ಚಾರ್ಜ್ಡ್’ ಪದಕ್ಕೆ ‘ವಿತ್’ ಬೇಕು. ‘ಸಸ್ಪೆಕ್ಟೆಡ್’, ‘ಕನ್ವಿಕ್ಟೆಡ್’, ‘ಅಕ್ವಿಟೆಡ್’ ಮೂರಕ್ಕೂ ‘ಆಫ್’ ಬರುತ್ತದೆ. ‘ಅರೆಸ್ಟೆಡ್’ ಮತ್ತು ‘ಪನಿಶ್ಡ್’ ಎರಡಕ್ಕೂ ‘ಫಾರ್’ ಬರುತ್ತದೆ. ‘ಸೆಂಟೆನ್ಸ್ಡ್’ ಪದದ ನಂತರ ‘ಟು’ ಬಂದು ಅದಾದ ಮೇಲೆ ಶಿಕ್ಷೆಯ ಅವಧಿ ಬರುತ್ತದೆ. ‘ಡಿಟರ್’ (ಭಯ ಹುಟ್ಟಿಸಿ ತಡೆಯುವುದು) ಎಂಬ ಕ್ರಿಯಾಪದಕ್ಕೆ ‘ಫ್ರಮ್’. ಇವನ್ನು ಒಂದೊಂದಾಗಿ ಉರುಹೊಡೆಯುವ ಬದಲು, ಪತ್ರಿಕೆಯಲ್ಲಿ ಬಂದ ಯಾವುದಾದರೂ ಒಂದು ಪ್ರಕರಣವನ್ನು ಎತ್ತಿಕೊಂಡು ಆರೇಳು ವಾಕ್ಯಗಳಲ್ಲಿ ಅದರ ಕಥೆಯನ್ನು ಇಂಗ್ಲಿಷಿನಲ್ಲಿ ಬರೆಯಿರಿ, ಮರುದಿನ ನೋಡದೆ ಮತ್ತೊಮ್ಮೆ ಬರೆಯಿರಿ, ವಾರ ಕಳೆದ ಮೇಲೆ ಬೇರೊಂದು ಪ್ರಕರಣಕ್ಕೆ ಅದೇ ವಾಕ್ಯಗಳನ್ನು ಹೊಂದಿಸಿ. ಅಷ್ಟರಲ್ಲಿ ‘ಚಾರ್ಜ್ಡ್ ವಿತ್’ ಎಂಬುದು ಒಂದೇ ಪದವೋ ಎಂಬಂತೆ ನಾಲಿಗೆಗೆ ಬಂದಿರುತ್ತದೆ.

ಕನ್ನಡದಲ್ಲಿ ಒಂದೇ ಪದವಿದ್ದು ಇಂಗ್ಲಿಷಿನಲ್ಲಿ ಹಲವು ಇರುವ ಕಡೆಗಳಲ್ಲಿ ವಿಶೇಷ ಎಚ್ಚರ ಬೇಕು. ಠಾಣೆಯಲ್ಲಿ ಪೊಲೀಸರು ನಡೆಸುವುದೂ ‘ವಿಚಾರಣೆ’, ನ್ಯಾಯಾಲಯದಲ್ಲಿ ನಡೆಯುವುದೂ ‘ವಿಚಾರಣೆ’. ಇಂಗ್ಲಿಷಿನಲ್ಲಿ ಮೊದಲನೆಯದು ‘ಕ್ವೆಶ್ಚನಿಂಗ್’ ಅಥವಾ ‘ಇಂಟರಾಗೇಶನ್’, ಎರಡನೆಯದು ‘ಟ್ರಯಲ್’, ಆ ಟ್ರಯಲ್ಲಿನ ಒಂದು ದಿನದ ಕಲಾಪವಾದರೆ ‘ಹಿಯರಿಂಗ್’. ಹಾಗೆಯೇ ‘ಅವನಿಗೆ ಶಿಕ್ಷೆಯಾಯಿತು’ ಎನ್ನುವಾಗ ನಾವು ಅಪರಾಧ ಸಾಬೀತಾದದ್ದನ್ನೂ ಜೈಲಿನ ಅವಧಿ ಗೊತ್ತಾದದ್ದನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಇಂಗ್ಲಿಷಿನಲ್ಲಿ ‘ಕನ್ವಿಕ್ಶನ್’ ಒಂದು ಹಂತ, ‘ಸೆಂಟೆನ್ಸ್’ ಅದರ ಮುಂದಿನ ಹಂತ. ಆರೋಪಿ ಮತ್ತು ಅಪರಾಧಿಯ ನಡುವಿನ ಗೆರೆಯನ್ನು ಕನ್ನಡ ಪತ್ರಿಕೆಗಳೂ ಕಾಯ್ದುಕೊಳ್ಳುತ್ತವೆ. ಆದರೂ ಪ್ರಬಂಧ ಬರೆಯುವವರು, ಬಂಧಿತನಾದವನನ್ನೆಲ್ಲ ‘ಕ್ರಿಮಿನಲ್’ ಎಂದು ಕರೆದು ಆ ಗೆರೆಯನ್ನು ಅಳಿಸಿಬಿಡುತ್ತಾರೆ. ತೀರ್ಪು ಬರುವ ಮುನ್ನ ಅವನು ‘ಸಸ್ಪೆಕ್ಟ್’ ಅಥವಾ ‘ಅಕ್ಯೂಸ್ಡ್’, ತೀರ್ಪಿನ ಬಳಿಕ ‘ಅಫೆಂಡರ್’.

ಕಳ್ಳತನದ ಬಗೆಗಳಲ್ಲಿಯೂ ಇದೇ ತೊಡಕಿದೆ. ಇಂಗ್ಲೆಂಡಿನ 1968ರ ಥೆಫ್ಟ್ ಆಕ್ಟ್ ಮೂರು ಕೃತ್ಯಗಳನ್ನು ಬೇರೆಬೇರೆಯಾಗಿ ನಿರೂಪಿಸಿದ್ದು, ಸಾಮಾನ್ಯ ಇಂಗ್ಲಿಷಿನ ಬಳಕೆಯೂ ಬಹುಮಟ್ಟಿಗೆ ಅದರಂತೆಯೇ ನಡೆಯುತ್ತದೆ. ಬಲಪ್ರಯೋಗವಿಲ್ಲದೆ ಪರರ ವಸ್ತುವನ್ನು ಅಪ್ರಾಮಾಣಿಕವಾಗಿ ಎತ್ತಿಕೊಂಡು ಹೋದರೆ ‘ಥೆಫ್ಟ್’. ಹಲ್ಲೆ ಮಾಡಿಯೋ ಬೆದರಿಸಿಯೋ ಕಿತ್ತುಕೊಂಡರೆ ‘ರಾಬರಿ’, ಅಂದರೆ ನಮ್ಮ ಸುಲಿಗೆ. ಕದಿಯುವ ಉದ್ದೇಶದಿಂದ ಕಟ್ಟಡದೊಳಗೆ ಅತಿಕ್ರಮವಾಗಿ ನುಗ್ಗಿದರೆ ‘ಬರ್ಗ್ಲರಿ’, ನಮ್ಮ ಪೊಲೀಸರ ಭಾಷೆಯ ಕನ್ನಗಳವು. ಕೈಗೆ ಏನೂ ಸಿಗದೆ ಕಳ್ಳ ಬರಿಗೈಯಲ್ಲಿ ಹಿಂದಿರುಗಿದರೂ ಅದು ಬರ್ಗ್ಲರಿಯೇ. ಅಂಗಡಿಯಿಂದ ಎಗರಿಸಿದರೆ ‘ಶಾಪ್‌ಲಿಫ್ಟಿಂಗ್’, ಬೀದಿಯಲ್ಲಿ ಅಡ್ಡಗಟ್ಟಿ ದೋಚಿದರೆ ‘ಮಗ್ಗಿಂಗ್’. ‘ಸ್ಟೀಲ್’ ಮಾಡುವುದು ವಸ್ತುವನ್ನು, ‘ರಾಬ್’ ಮಾಡುವುದು ವ್ಯಕ್ತಿಯನ್ನು ಅಥವಾ ಬ್ಯಾಂಕನ್ನು. ‘ನಮ್ಮ ಮನೆ ಕಳ್ಳತನವಾಯಿತು’ ಎಂಬ ನಮ್ಮ ಮಾತನ್ನು ಹಾಗೆಯೇ ಇಂಗ್ಲಿಷಿಗೆ ತಂದು ‘ಮೈ ಹೌಸ್ ವಾಸ್ ಸ್ಟೋಲನ್’ ಎಂದು ಬರೆದರೆ, ಗೋಡೆ ಛಾವಣಿ ಸಮೇತ ಮನೆಯನ್ನೇ ಹೊತ್ತೊಯ್ದರು ಎಂದಾಗುತ್ತದೆ. ‘ಥೆಫ್ಟೆಡ್’ ಎಂಬ ಪದವಂತೂ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ. ಇದರ ಜೊತೆಗೆ, ‘ಎವಿಡೆನ್ಸ್’, ‘ವಯಲೆನ್ಸ್’, ‘ವ್ಯಾಂಡಲಿಸಂ’, ‘ಇಂಪ್ರಿಸನ್ಮೆಂಟ್’ ಪದಗಳಿಗೆ ಬಹುವಚನ ಹಚ್ಚಬಾರದು ಎಂಬುದನ್ನೂ ಗುರುತು ಹಾಕಿಕೊಳ್ಳಿ. ನಮ್ಮ ಕಡೆಯ ಬರಹಗಳಲ್ಲಿ ‘ಎವಿಡೆನ್ಸಸ್’ ಕಾಣಿಸಿಕೊಳ್ಳುವುದು ಬಹಳ.

ಇಷ್ಟಾದರೂ ಇದು ಅರ್ಧ ಸಿದ್ಧತೆ ಮಾತ್ರ, ಏಕೆಂದರೆ ಪ್ರಬಂಧದ ಪ್ರಶ್ನೆ ಸಾಮಾನ್ಯವಾಗಿ ಕೃತ್ಯಗಳ ಬಗ್ಗೆ ಕೇಳದೆ ಅಪರಾಧವನ್ನು ತಗ್ಗಿಸುವ ದಾರಿಯ ಬಗ್ಗೆ ಕೇಳುತ್ತದೆ. ದೀರ್ಘಕಾಲದ ಜೈಲುವಾಸ ಒಳ್ಳೆಯದೋ ಬೇರೆ ಉಪಾಯಗಳು ಒಳ್ಳೆಯವೋ, ಕಿರಿಯರ ಅಪರಾಧಗಳಿಗೆ ತಂದೆತಾಯಿಯರು ಹೊಣೆಯೋ ಅಲ್ಲವೋ ಎಂಬ ಧಾಟಿಯ ಪ್ರಶ್ನೆಗಳವು. ಇಲ್ಲಿ ಕೊಲೆ, ಅಪಹರಣ, ಬೆಂಕಿ ಹಚ್ಚುವುದು ಇವುಗಳ ಇಂಗ್ಲಿಷ್ ಹೆಸರುಗಳಿಂದ ಹೆಚ್ಚು ಪ್ರಯೋಜನವಿಲ್ಲ. ‘ಡಿಟರೆಂಟ್’, ‘ರೀಹ್ಯಾಬಿಲಿಟೇಶನ್’, ‘ರೂಟ್ ಕಾಸ್’, ‘ಫಸ್ಟ್-ಟೈಮ್ ಅಫೆಂಡರ್’, ‘ಪೆಟ್ಟಿ ಕ್ರೈಮ್’, ‘ಕಮ್ಯೂನಿಟಿ ಸರ್ವಿಸ್’ ಇಂಥವು ಬೇಕು. ಕೊನೆಯದಕ್ಕೆ ನಮ್ಮಲ್ಲಿಯೇ ಒಳ್ಳೆಯ ಉದಾಹರಣೆ ಇದೆ. 2024ರ ಜುಲೈ 1ರಂದು 1860ರ ಭಾರತೀಯ ದಂಡ ಸಂಹಿತೆಯ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯು ಸಮುದಾಯ ಸೇವೆಯನ್ನು ಮೊದಲ ಬಾರಿಗೆ ಶಿಕ್ಷೆಗಳ ಸಾಲಿಗೆ ಸೇರಿಸಿದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಕದ್ದು ಮೊದಲ ಸಲ ತಪ್ಪಿತಸ್ಥನಾದವನು ಆ ವಸ್ತುವನ್ನಾಗಲಿ ಅದರ ಬೆಲೆಯನ್ನಾಗಲಿ ಹಿಂದಿರುಗಿಸಿದರೆ ಅವನಿಗೆ ವಿಧಿಸುವ ಶಿಕ್ಷೆ ಅದೇ. ಇದೊಂದನ್ನೇ ಮೂರು ವಾಕ್ಯಗಳಲ್ಲಿ ಚೊಕ್ಕಟವಾಗಿ ಬರೆದರೆ ಮೇಲಿನ ಆರು ಪದಗಳಲ್ಲಿ ನಾಲ್ಕು ತಾವಾಗಿಯೇ ಬರುತ್ತವೆ.

ನಿಮ್ಮ ವೃತ್ತಿಯೂ ನಿಮಗೆ ಒದಗಬಲ್ಲದು. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯಲು ಕರ್ನಾಟಕದಲ್ಲಿ 2009ರಿಂದ ಪ್ರತ್ಯೇಕ ಕಾನೂನೇ ಇದೆ. ಕಾನೂನಿದ್ದ ಮಾತ್ರಕ್ಕೆ ಹಲ್ಲೆಗಳು ನಿಲ್ಲುತ್ತವೆಯೇ, ಕಾವಲು ಮತ್ತು ಸಿಬ್ಬಂದಿ ಹೆಚ್ಚಿದರೆ ನಿಲ್ಲುತ್ತವೆಯೇ ಎಂಬುದರ ಬಗ್ಗೆ ನಿಮಗೆ ಖಚಿತ ಅಭಿಪ್ರಾಯವಿರಲೇಬೇಕು. ‘ಅಸಾಲ್ಟ್’, ‘ವರ್ಬಲ್ ಅಬ್ಯೂಸ್’, ‘ಡಿಟರ್’ ಪದಗಳನ್ನು ಆ ಅಭಿಪ್ರಾಯದ ಸುತ್ತ ಕಟ್ಟಿ ನೋಡಿ. 40 ನಿಮಿಷದಲ್ಲಿ ಕನಿಷ್ಠ 250 ಪದ ಬರೆಯಬೇಕಾದ ಪರೀಕ್ಷೆಯಲ್ಲಿ, ತಾನು ಬಲ್ಲ ವಿಷಯದಿಂದ ಉದಾಹರಣೆ ತೆಗೆಯುವವರಿಗೆ ಹೊತ್ತು ಉಳಿಯುತ್ತದೆ.

ಪ್ರಶ್ನೆ: ಇಂಗ್ಲಿಷ್ ದಿನಪತ್ರಿಕೆಗಳ ಅಪರಾಧ ಪುಟವನ್ನು ಪ್ರತಿದಿನ ಓದಿದರೆ ಈ ಪದಗಳು ತಾನಾಗಿ ಬರುವುದಿಲ್ಲವೇ?
— ಪದವಿ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಪದಗಳು ಬರುತ್ತವೆ, ಅವೆಲ್ಲವೂ ಪ್ರಬಂಧಕ್ಕೆ ಬೇಕಾದವುಗಳಲ್ಲ. ನಮ್ಮ ಇಂಗ್ಲಿಷ್ ಪತ್ರಿಕೆಗಳ ಅಪರಾಧ ವರದಿಗೆ ತನ್ನದೇ ಆದ ಒಂದು ಭಾಷೆ ಬೆಳೆದುಬಂದಿದೆ. ಅದರಲ್ಲಿ ಒಂದಿಷ್ಟು ಭಾಗ ಪೊಲೀಸ್ ದಾಖಲೆಯಿಂದ ಬಂದದ್ದು, ಇನ್ನೊಂದಿಷ್ಟು ಶೀರ್ಷಿಕೆಯ ಇಕ್ಕಟ್ಟಿನಲ್ಲಿ ಹುಟ್ಟಿದ್ದು. ಭಾರತೀಯ ಓದುಗರಿಗೆ ಬರೆಯುವಾಗ ಅದರಲ್ಲಿ ತಪ್ಪೇನೂ ಇಲ್ಲ, ಕೆಲವು ಪದಗಳಂತೂ ನನಗೆ ಬಹಳ ಇಷ್ಟ. ಆದರೆ ಸಿಡ್ನಿಯಲ್ಲೋ ಲಂಡನ್ನಿನಲ್ಲೋ ಇರುವ ಓದುಗರಿಗೆ ‘ರೌಡಿ-ಶೀಟರ್’, ‘ಹಿಸ್ಟರಿ-ಶೀಟರ್’ ಎಂದರೆ ಏನೂ ತಿಳಿಯುವುದಿಲ್ಲ. ‘ಹ್ಯಾಬಿಚುವಲ್ ಅಫೆಂಡರ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ‘ಎಫ್‌ಐಆರ್ ಲಾಡ್ಜ್ ಮಾಡಿದರು’ ಎನ್ನುವ ಕಡೆ, ಪೊಲೀಸರಿಗೆ ‘ರಿಪೋರ್ಟ್’ ಮಾಡಿದರು ಎಂದರೆ ಸಾಕು. ‘ಅಂಡರ್‌ಟ್ರಯಲ್’ ಎಂಬುದನ್ನು ‘ಪ್ರಿಸನರ್ಸ್ ಅವೇಟಿಂಗ್ ಟ್ರಯಲ್’ ಎಂದು ಬಿಡಿಸಿ ಬರೆಯಬೇಕು. ಐದು ಅಥವಾ ಹೆಚ್ಚು ಮಂದಿ ಸೇರಿ ಮಾಡುವ ಸುಲಿಗೆಗೆ ನಮ್ಮ ಕಾನೂನು ‘ಡಕಾಯಿಟಿ’ ಎಂಬ ಹೆಸರು ಕೊಟ್ಟಿದೆ. ಬೇರೆಡೆಗೆ ‘ಗ್ಯಾಂಗ್ ರಾಬರಿ’ ಎನ್ನುವುದು ಮೇಲು. ‘ಈವ್-ಟೀಸಿಂಗ್’ ಎಂಬ ಪದವನ್ನು ಪ್ರಬಂಧದಲ್ಲಿ ಮಾತ್ರವಲ್ಲ, ಎಲ್ಲಿಯೂ ಬಳಸಬೇಡಿರೆಂದು ನಾನು ಹೇಳುತ್ತೇನೆ. ಅದು ‘ಸೆಕ್ಶುವಲ್ ಹರಾಸ್‌ಮೆಂಟ್’, ಅದನ್ನು ಹಾಗೆಂದೇ ಕರೆಯಬೇಕು.

ಎಲ್ಲಕ್ಕಿಂತ ಮೋಸಗೊಳಿಸುವ ಪದ ‘ಎನ್‌ಕೌಂಟರ್’. ನಮ್ಮ ಕಿವಿಗೆ ಅದು ಪೊಲೀಸರ ಗುಂಡಿಗೆ ಆರೋಪಿ ಬಲಿಯಾದ ಸುದ್ದಿಯಾಗಿ ಕೇಳಿಸುತ್ತದೆ. ಹೊರಗಿನವರಿಗೆ ಅದು ಬರಿಯ ಮುಖಾಮುಖಿ. ‘ಮಿಸ್‌ಕ್ರಿಯಂಟ್ಸ್’ ಎಂಬುದು ಹೊರಗೆ ಹಳೆಯ ಕಾಲದ ಪದದಂತೆ ಕೇಳಿಸುತ್ತದೆ, ‘ನ್ಯಾಬ್ಡ್’ ಎಂಬುದು ಶೀರ್ಷಿಕೆಗೂ ಹರಟೆಗೂ ಸರಿ, ವಿಧಿವತ್ತಾದ ಪ್ರಬಂಧಕ್ಕಲ್ಲ. ನಿಮಗೆ ನನ್ನ ಸಲಹೆಯೆಂದರೆ, ಅಪರಾಧ ಪುಟಕ್ಕಿಂತ ಸಂಪಾದಕೀಯ ಪುಟವನ್ನು ಓದಿ. ಜೈಲುಗಳ ಇಕ್ಕಟ್ಟು, ಜಾಮೀನಿನ ತೊಡಕು, ಬಾಲಾಪರಾಧ ಇವುಗಳ ಬಗ್ಗೆ ಅಲ್ಲಿ ಬರುವ ಲೇಖನಗಳು ನಿಮ್ಮ ಪ್ರಬಂಧದ ಹತ್ತಿರದ ಬಂಧುಗಳು.

ಪ್ರಶ್ನೆ: ಮಾತಿನ ಪರೀಕ್ಷೆಯಲ್ಲಿ ಅಪರಾಧದ ವಿಷಯ ಬಂದರೆ ಉಚ್ಚಾರಣೆಯ ಭಯ. ಏನು ಗಮನಿಸಬೇಕು?
— ಓದುಗರೊಬ್ಬರು, ಬಳ್ಳಾರಿ

ಉತ್ತರ: ಮಾತಿನ ಪರೀಕ್ಷೆ ನಡೆಯುವುದು 11ರಿಂದ 14 ನಿಮಿಷ. ಎರಡನೆಯ ಭಾಗದಲ್ಲಿ ಒಂದು ನಿಮಿಷ ಸಿದ್ಧತೆಗೆ ಕೊಟ್ಟು ಎರಡು ನಿಮಿಷದವರೆಗೆ ಮಾತನಾಡಿಸುತ್ತಾರೆ. ನಮ್ಮ ಕನ್ನಡದ ಉಚ್ಚಾರ ಬಂದರೆ ಚಿಂತೆಯಿಲ್ಲ, ಅರ್ಥವಾದರಾಯಿತು. ಕನ್ನಡಿಗರು ಪ್ರತಿ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ಒತ್ತು ಕೊಡುವುದರಿಂದ ಅರ್ಥ ಕೆಡುವ ಕೆಲವು ಪದಗಳಿವೆ. ‘ಸಸ್ಪೆಕ್ಟ್’, ‘ಕನ್ವಿಕ್ಟ್’, ‘ರೆಕಾರ್ಡ್’ ನಾಮಪದಗಳಾದಾಗ ಒತ್ತು ಮೊದಲ ಭಾಗದ ಮೇಲೆ ಬೀಳುತ್ತದೆ, ಕ್ರಿಯಾಪದಗಳಾದಾಗ ಎರಡನೆಯ ಭಾಗದ ಮೇಲೆ. ಶಂಕಿತ ವ್ಯಕ್ತಿಯನ್ನು ಹೇಳುವಾಗ ‘ಸಸ್’ ಎಂಬುದನ್ನು ಒತ್ತಿ, ಶಂಕಿಸುವುದನ್ನು ಹೇಳುವಾಗ ‘ಪೆಕ್ಟ್’ ಎಂಬುದನ್ನು ಒತ್ತಿ.

ಪ್ರಶ್ನೆ: ಮರಣದಂಡನೆ ಬೇಕು ಎಂದು ವಾದಿಸಿದರೆ ಪರೀಕ್ಷಕರು ಅಂಕ ಕಳೆಯುತ್ತಾರೆಯೇ? ಬ್ರಿಟನ್ನಿನಲ್ಲಿ ಅದು ಇಲ್ಲವಲ್ಲ.
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಕಳೆಯುವುದಿಲ್ಲ. ಕೊಲೆಗೆ ಮರಣದಂಡನೆ ವಿಧಿಸುವುದನ್ನು ಗ್ರೇಟ್ ಬ್ರಿಟನ್ 1965ರಲ್ಲಿ ಅಮಾನತಿನಲ್ಲಿರಿಸಿ 1969ರಲ್ಲಿ ಶಾಶ್ವತವಾಗಿ ಕೈಬಿಟ್ಟಿತು. ಭಾರತದಲ್ಲಿ ಅದು ಇಂದಿಗೂ ಇದೆ. ಈ ಚರಿತ್ರೆಗೂ ನಿಮ್ಮ ಅಂಕಕ್ಕೂ ಸಂಬಂಧವಿಲ್ಲ. ಯಾವ ಪಕ್ಷ ಹಿಡಿದಿರಿ ಎಂಬುದಕ್ಕಲ್ಲ, ಹಿಡಿದ ಪಕ್ಷವನ್ನು ಕೊನೆಯವರೆಗೆ ಸಮರ್ಥಿಸಿದಿರೋ ಎಂಬುದಕ್ಕೆ ಅಂಕ. ಒಂದು ಮಾತನ್ನು ಮಾತ್ರ ಸೇರಿಸಬೇಕು. ‘ಒಂದು ಅಧ್ಯಯನದ ಪ್ರಕಾರ ಶೇಕಡಾ ಇಷ್ಟು ಕೈದಿಗಳು’ ಎಂದು ಅಂಕಿಅಂಶ ಹೊಸೆಯುವ ಚಾಳಿ ಪರೀಕ್ಷಾರ್ಥಿಗಳಲ್ಲಿ ಹಬ್ಬಿದೆ. ಪರೀಕ್ಷೆ ಅಂಕಿಅಂಶವನ್ನು ಕೇಳುವುದೇ ಇಲ್ಲ. ಕಾರಣ ಕೊಡಿ ಎಂದು ಕೇಳುತ್ತದೆ.

ಪ್ರಶ್ನೆ: ಕಾಗುಣಿತ ಬ್ರಿಟಿಷ್ ರೀತಿಯದೋ ಅಮೆರಿಕದ ರೀತಿಯದೋ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಎರಡೂ ನಡೆಯುತ್ತದೆ. ‘ಅಫೆನ್ಸ್’, ‘ಡಿಫೆನ್ಸ್’ ಪದಗಳ ಕೊನೆಯಲ್ಲಿ ಬ್ರಿಟಿಷರು ‘ಸಿ’ ಬರೆಯುತ್ತಾರೆ, ಅಮೆರಿಕದವರು ‘ಎಸ್’ ಬರೆಯುತ್ತಾರೆ. ಒಂದನ್ನು ಆರಿಸಿಕೊಂಡ ಮೇಲೆ ಪ್ರಬಂಧದುದ್ದಕ್ಕೂ ಅದನ್ನೇ ಅನುಸರಿಸಿ. ಈ ವಿಷಯದಲ್ಲಿ ಹೆಚ್ಚಾಗಿ ತಪ್ಪುವ ಪದಗಳು ಬೇರೆಯೇ ಇವೆ. ‘ಕಮಿಟೆಡ್’ ಪದದಲ್ಲಿ ‘ಎಂ’ ಎರಡು, ‘ಟಿ’ಯೂ ಎರಡು. ‘ಗಿಲ್ಟಿ’ಯಲ್ಲಿ ‘ಜಿ’ ಆದ ಕೂಡಲೇ ‘ಯು’ ಬರುತ್ತದೆ. ‘ಥೀಫ್’ ಪದದಲ್ಲಿ ‘ಐ’ ಮೊದಲು, ‘ಇ’ ಆಮೇಲೆ. ಬಹುವಚನದಲ್ಲಿ ‘ಎಫ್’ ಹೋಗಿ ‘ವಿ’ ಬರುತ್ತದೆ.