ಸ್ಟೂಡೆಂಟ್ ಅಕೌಂಟ್‌ನಲ್ಲಿ 100 ಡಾಲರ್ ಇದ್ದರೂ ಜಿಪಿಯು ಯಾಕೆ ಸಿಗುತ್ತಿಲ್ಲ?

ಚಿತ್ರದುರ್ಗದಲ್ಲಿ ಕೊನೇ ವರ್ಷ ಓದುತ್ತಿದ್ದೀರಿ, ಮೈಕ್ರೋಸಾಫ್ಟ್‌ನ ಬಾಡಿಗೆ ಕಂಪ್ಯೂಟರ್ ಸೇವೆ (ಕ್ಲೌಡ್) ಅಜೂರ್‌ನ ಸ್ಟೂಡೆಂಟ್ ಅಕೌಂಟ್‌ನಲ್ಲಿ 100 ಡಾಲರ್ ಕ್ರೆಡಿಟ್ ಹಾಗೇ ಇದೆ, ಆದರೆ ಮಾಡೆಲ್ ತರಬೇತಿಗೆ ಜಿಪಿಯು (ಒಟ್ಟಿಗೇ ಸಾವಿರಾರು ಲೆಕ್ಕ ಮಾಡುವ ಚಿಪ್) ಇರುವ ಮೆಷಿನ್ ಆರಿಸಿದರೆ ಕೋಟಾ ಸೊನ್ನೆ ಅಂತ ಬರುತ್ತಿದೆ. ಇದೇ ಅಲ್ವಾ ನಿಮ್ಮ ಪ್ರಶ್ನೆ? ದಾವಣಗೆರೆಯಲ್ಲಿ ಓದುವಾಗ ನಾನೂ ಬೇರೊಂದು ಕ್ಲೌಡ್‌ನಲ್ಲಿ ಹೀಗೇ ಸಿಕ್ಕಿಹಾಕಿಕೊಂಡಿದ್ದೆ. ರೀಜನ್ (ಮೆಷಿನ್‌ಗಳು ಇರುವ ಪ್ರದೇಶ) ಬದಲಾಯಿಸುತ್ತಾ ಸುಮ್ನೆ ಒಂದು ವಾರ ಹೋಯಿತು.

ಕ್ರೆಡಿಟ್ ಬೇರೆ, ಕೋಟಾ ಬೇರೆ. ಕ್ರೆಡಿಟ್ ಅಂದರೆ ಖರ್ಚಿಗಿರುವ ದುಡ್ಡು, ಕೋಟಾ ಅಂದರೆ ಯಾವ ಮೆಷಿನ್ ಎಷ್ಟು ಬಳಸಬಹುದು ಎಂಬ ಮಿತಿ. ನ್ಯಾಯಬೆಲೆ ಅಂಗಡಿಯಲ್ಲಿ ಜೇಬಲ್ಲಿ ದುಡ್ಡಿದ್ದರೂ ಕಾರ್ಡಲ್ಲಿ ಹೆಸರಿಲ್ಲದಿದ್ದರೆ ಅಕ್ಕಿ ಸಿಗುವುದಿಲ್ಲ, ಹಾಗೆ. ಅಜೂರ್‌ನಲ್ಲಿ ಕೋಟಾ ಹೆಚ್ಚಿಸಿ ಅಂತ ಕೇಳಬೇಕಾದರೆ ಮೊದಲು ಪೇ-ಆಸ್-ಯು-ಗೋ ಅಕೌಂಟ್‌ಗೆ, ಅಂದರೆ ಕಾರ್ಡ್ ಹಾಕಿ ಬಳಸಿದಷ್ಟಕ್ಕೆ ದುಡ್ಡು ಕಟ್ಟುವ ಅಕೌಂಟ್‌ಗೆ ಹೋಗಬೇಕು. ಗೂಗಲ್ ಕ್ಲೌಡ್ 90 ದಿನಕ್ಕೆ 300 ಡಾಲರ್ ಕೊಡುತ್ತದೆ, ಅಲ್ಲೂ ಟ್ರಯಲ್ ಇರುವವರೆಗೆ ಮೆಷಿನ್‌ಗೆ ಜಿಪಿಯು ಸೇರಿಸಲು ಆಗುವುದಿಲ್ಲ. ಅಮೆಜಾನ್‌ನ ಕ್ಲೌಡ್‌ನಲ್ಲಿ ಕೋಟಾ ಲೆಕ್ಕ ಹಾಕುವುದು ಮೆಷಿನ್‌ಗಳ ಸಂಖ್ಯೆಯಲ್ಲಲ್ಲ, ವಿಸಿಪಿಯುನಲ್ಲಿ (ಮೆಷಿನ್‌ಗೆ ಸಿಗುವ ಪ್ರೊಸೆಸರ್ ಪಾಲು). ಜಿ4ಡಿಎನ್ ಎಕ್ಸ್‌ಲಾರ್ಜ್ ಎಂಬ ಜಿಪಿಯು ಮೆಷಿನ್‌ನಲ್ಲಿ 4 ವಿಸಿಪಿಯು ಇವೆ, ಹಾಗಾಗಿ ಒಂದೇ ಮೆಷಿನ್ ಬೇಕಿದ್ದರೂ 4 ಅಂತ ಕೇಳಬೇಕು, 1 ಅಂತ ಕೇಳಿದರೆ ಅದು ಶುರುವಾಗುವುದೇ ಇಲ್ಲ.

ಕಾಲೇಜ್ ಪ್ರಾಜೆಕ್ಟ್‌ಗಾಗಿ ಮನೆಯವರ ಕಾರ್ಡ್ ಹಾಕಬೇಡಿ. ಒಂದು ರಾತ್ರಿ ಮೆಷಿನ್ ಆಫ್ ಮಾಡುವುದು ಮರೆತರೂ ಬಿಲ್ ಏರುತ್ತಲೇ ಇರುತ್ತದೆ.

ಅದರ ಬದಲು ಕ್ಯಾಗಲ್‌ಗೆ ಹೋಗಿ, ಬ್ರೌಸರ್‌ನಲ್ಲೇ ಕೋಡ್ ಓಡಿಸುವ ಉಚಿತ ತಾಣ ಅದು. ಫೋನ್ ನಂಬರ್ ವೆರಿಫೈ ಮಾಡಿದರೆ ಸಾಕು, ವಾರಕ್ಕೆ ಸುಮಾರು 30 ಗಂಟೆ ಜಿಪಿಯು ಸಿಗುತ್ತದೆ. ತಲಾ 16 ಜಿಬಿ ಮೆಮೊರಿಯ ಎರಡು ಟಿ4 ಜಿಪಿಯು ಒಟ್ಟಿಗೇ ತೆಗೆದುಕೊಳ್ಳಬಹುದು. ‘ಸೇವ್ ಆಂಡ್ ರನ್ ಆಲ್’ ಒತ್ತಿದರೆ ಲ್ಯಾಪ್‌ಟಾಪ್ ಮುಚ್ಚಿದರೂ ಅಲ್ಲಿ ಓಡುತ್ತಿರುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೋಗಿ ಬರುತ್ತಲ್ಲ, ಆಗ ಇದರ ಬೆಲೆ ಗೊತ್ತಾಗುತ್ತದೆ. ಇಂಥದ್ದೇ ಗೂಗಲ್‌ನ ತಾಣ ಕೊಲ್ಯಾಬ್ ಕೂಡ ಒಳ್ಳೆಯದೇ, ಆದರೆ ಉಚಿತವಾಗಿ ಬಳಸುವಾಗ ಟ್ಯಾಬ್ ತೆರೆದಿಟ್ಟುಕೊಂಡು ಕಾಯಬೇಕು.

ಇನ್ನೊಂದು ಮಾತು. ಜಿಪಿಯು ಸಿಕ್ಕ ಮೇಲೂ ನನ್ನ ಕೆಲಸ ಆಮೆಯ ಹಾಗೆ ಸಾಗುತ್ತಿತ್ತು. ಮೆಕ್ಕೆಜೋಳದ ಎಲೆ ರೋಗ ಗುರುತಿಸುವ ಪ್ರಾಜೆಕ್ಟ್. ಜಗಳೂರು ಕಡೆ ಮಾವನ ಹೊಲದಲ್ಲಿ ನಾನೇ ನಿಂತು ಫೋನಲ್ಲಿ ತೆಗೆದ ಫೋಟೋಗಳು, ಒಂದೊಂದೂ ನಾಲ್ಕು ಸಾವಿರ ಪಿಕ್ಸೆಲ್ ಅಗಲ. ಜಿಪಿಯು ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಎನ್‌ವಿಡಿಯಾ-ಎಸ್‌ಎಂಐ ತೆರೆದು ನೋಡಿದರೆ ಜಿಪಿಯು ಬಳಕೆ ಹತ್ತು ಪರ್ಸೆಂಟ್ ದಾಟುತ್ತಿರಲಿಲ್ಲ. ಸಿಪಿಯು ಆ ದೊಡ್ಡ ಫೋಟೋಗಳನ್ನು ಬಿಚ್ಚಿ ಚಿಕ್ಕದು ಮಾಡುವವರೆಗೆ ಜಿಪಿಯು ಕೈಕಟ್ಟಿ ಕೂತಿರುತ್ತಿತ್ತು. ಮಾಡೆಲ್ ಎಲ್ಲ ಫೋಟೋಗಳನ್ನೂ ಒಮ್ಮೆ ನೋಡಿ ಮುಗಿಸುವುದು ಒಂದು ಸುತ್ತು; ಪ್ರತಿ ಸುತ್ತಿನಲ್ಲೂ ಅದೇ ಕೆಲಸ ಮತ್ತೆ ಮತ್ತೆ. ಎಲ್ಲವನ್ನೂ ಲ್ಯಾಪ್‌ಟಾಪಲ್ಲೇ ಒಮ್ಮೆ 256 ಪಿಕ್ಸೆಲ್‌ಗೆ ಇಳಿಸಿ ಮತ್ತೆ ಅಪ್‌ಲೋಡ್ ಮಾಡಿದೆ. ಇಪ್ಪತ್ತು ನಿಮಿಷ ಹಿಡಿಯುತ್ತಿದ್ದ ಸುತ್ತು ಎರಡು ನಿಮಿಷಕ್ಕೆ ಬಂತು. ಅವತ್ತು ರಾತ್ರಿ ಖುಷಿಗೆ ನಿದ್ದೆಯೇ ಬರಲಿಲ್ಲ. ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಗಂಟೆ ಉಳಿಯುತ್ತಿತ್ತು! ಹಾಗೆಯೇ ಪ್ರತಿ ಸುತ್ತು ಮುಗಿದಾಗ ಮಾಡೆಲ್ ಸೇವ್ ಆಗುವಂತೆ ಒಂದು ಸಾಲು ಕೋಡ್ ಹಾಕಿ.

ನಿಮ್ಮ 100 ಡಾಲರ್ ವ್ಯರ್ಥ ಆಗಬೇಕಿಲ್ಲ. ತರಬೇತಿ ಮುಗಿದ ಮಾಡೆಲ್ ಓಡಿಸಲು ಜಿಪಿಯು ಬೇಕಾಗುವುದೇ ಕಡಿಮೆ. ಅಜೂರ್‌ನಲ್ಲಿ ಚಿಕ್ಕ ಸಿಪಿಯು ಮೆಷಿನ್ ತೆಗೆದುಕೊಂಡು ಅದರಲ್ಲಿಡಿ, ವೈವಾ ದಿನ ಫೋನಲ್ಲೇ ತೆರೆದು ತೋರಿಸಬಹುದು. ಕೆಲಸ ಆದ ಮೇಲೆ ಪೋರ್ಟಲ್‌ನಿಂದಲೇ ಸ್ಟಾಪ್ ಮಾಡಿ. ಮೆಷಿನ್ ಒಳಗಿಂದ ಶಟ್‌ಡೌನ್ ಕೊಟ್ಟರೆ ಕ್ರೆಡಿಟ್ ಕರಗುತ್ತಲೇ ಇರುತ್ತದೆ. ಸ್ಟೇಟಸ್‌ನಲ್ಲಿ ‘ಡೀಅಲೊಕೇಟೆಡ್’ (ಮೆಷಿನ್ ಬಿಟ್ಟುಕೊಟ್ಟಾಗಿದೆ) ಅಂತ ಬಂದಿದೆಯಾ ನೋಡಿಯೇ ಎದ್ದುಹೋಗಿ.