ನೀರಿಗೆ ಬಿಟ್ಟ ಮೊಟ್ಟೆ ಫಲಿಸುವ ಬಗೆ

ಪ್ರಶ್ನೆ: ಅನೇಕ ಜಲಚರಗಳು ಮೊಟ್ಟೆಯನ್ನೂ ವೀರ್ಯವನ್ನೂ ನೀರಿಗೇ ಬಿಡುತ್ತವೆ. ಅವು ಚೆದುರಿಹೋಗದೆ ಸೇರುವುದು ಹೇಗೆ?

ಉತ್ತರ: ವೀರ್ಯಾಣುಗಳಲ್ಲಿ ಬಹುಪಾಲು ಚೆದುರಿಯೇ ಹೋಗುತ್ತವೆ. ಹಾಗಾಗಿ ಇಲ್ಲಿ ಹೊತ್ತು ಮತ್ತು ಅಂತರವೇ ಎಲ್ಲ. ಗಂಡು ಕಪ್ಪೆ ಹೆಣ್ಣನ್ನು ಬೆನ್ನ ಮೇಲಿಂದ ತಬ್ಬಿ ಹಿಡಿದಿದ್ದು, ಮೊಟ್ಟೆ ಹೊರಬೀಳುತ್ತಿದ್ದಂತೆ ಅದರ ಮೇಲೇ ವೀರ್ಯ ಬಿಡುತ್ತದೆ. ಕದಲಲಾಗದ ಹವಳಗಳು ದಿನವನ್ನೇ ಹೊಂದಿಸಿಕೊಳ್ಳುತ್ತವೆ: ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ವಸಂತದ ಹುಣ್ಣಿಮೆ ಕಳೆದ ಕೆಲವೇ ರಾತ್ರಿಗಳಲ್ಲಿ ಹತ್ತಾರು ಜಾತಿಗಳು ಒಟ್ಟಿಗೇ ಮೊಟ್ಟೆ-ವೀರ್ಯ ಬಿಡುತ್ತವೆ.

ಇಷ್ಟು ಜಾತಿ ಬೆರೆತರೂ ಗೊಂದಲ ಕಡಿಮೆ. ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯಲ್ಲಿ ವೀರ್ಯಾಣುವಿನ ತುದಿಯ ಬೈಂಡಿನ್ ಎಂಬ ಪ್ರೋಟೀನ್ ಸ್ವಜಾತಿಯ ಮೊಟ್ಟೆಗೆ ಚೆನ್ನಾಗಿ ಅಂಟುತ್ತದೆ, ಪರಜಾತಿಯದಕ್ಕೆ ಸಾಮಾನ್ಯವಾಗಿ ಅಂಟುವುದಿಲ್ಲ. ಒಂದು ವೀರ್ಯಾಣು ಹೊಕ್ಕ ಕೆಲವೇ ಸೆಕೆಂಡುಗಳಲ್ಲಿ ಮೊಟ್ಟೆಯ ಪೊರೆಯ ವಿದ್ಯುತ್ ವಿಭವ ಬದಲಾಗಿ ಉಳಿದವಕ್ಕೆ ತಡೆ ಬೀಳುತ್ತದೆ. ಸುಮಾರು ಒಂದು ನಿಮಿಷದೊಳಗೆ ಹೊರಪೊರೆ ಉಬ್ಬಿ ನಿಂತು ಆ ತಡೆ ಗಟ್ಟಿಯಾಗುತ್ತದೆ. ಎರಡು ಹೊಕ್ಕರೆ ಕ್ರೋಮೋಸೋಮ್‌ಗಳ ಹಂಚಿಕೆ ಕೆಟ್ಟು ಭ್ರೂಣ ಸಾಯುತ್ತದೆ.

ಪ್ರಶ್ನೆ: ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಮೀನಿನ ಮೊಟ್ಟೆ ಹಿಂಡಿ ನೀರಿಗೆ ಹಾಕಿ, ಆಮೇಲೆ ಗಂಡಿನ ವೀರ್ಯ ಬೆರೆಸಿದೆವು. ಹೆಚ್ಚಿನವು ಬೆಳ್ಳಗಾಗಿ ಸತ್ತವು. ತಪ್ಪೆಲ್ಲಿ?

ಉತ್ತರ: ನೀರು ಮೊದಲು ಬಿದ್ದದ್ದೇ ಮುಖ್ಯ ತಪ್ಪು. ಮೀನಿನ ಮೊಟ್ಟೆಗೆ ವೀರ್ಯಾಣು ಹೋಗಲು ಇರುವುದು ಮೈಕ್ರೋಪೈಲ್ ಎಂಬ ಒಂದೇ ಸಣ್ಣ ರಂಧ್ರ. ನೀರು ತಾಕಿದ ಮೊಟ್ಟೆ ಉಬ್ಬತೊಡಗುತ್ತದೆ, ರಂಧ್ರ ಬೇಗನೆ ಮುಚ್ಚುತ್ತದೆ. ವೀರ್ಯಾಣುವಿನದೂ ಅದೇ ಕಥೆ: ನೀರು ತಾಕುವವರೆಗೆ ನಿಶ್ಚಲ, ತಾಕಿದ ಮೇಲೆ ಚುರುಕಾಗಿ ಈಜುವುದು ಒಂದು ನಿಮಿಷದ ಆಸುಪಾಸು ಮಾತ್ರ.

ಮೀನಿನ ಹೊಟ್ಟೆ, ಗುದದ್ವಾರ, ಕೈ, ಬೋಗುಣಿ ಎಲ್ಲವನ್ನೂ ಒಣಬಟ್ಟೆಯಿಂದ ಒರೆಸಿ. ಮೊಟ್ಟೆ ಹಿಂಡಿ, ಅದರ ಮೇಲೆ ಎರಡು ಮೂರು ಗಂಡುಗಳ ವೀರ್ಯ ಹಾಕಿ; ಒಂದು ಗಂಡು ಸಪ್ಪೆಯಾಗಿದ್ದರೂ ಇನ್ನೊಂದು ಕೈಹಿಡಿಯುತ್ತದೆ. ಮೊದಲ ಹನಿಗಳಲ್ಲಿ ಮೂತ್ರ ಬೆರೆತಿರಬಹುದು, ಅವನ್ನು ಬಿಟ್ಟುಬಿಡಿ: ಮೂತ್ರ ತಾಕಿದರೂ ವೀರ್ಯಾಣು ಹೊತ್ತಿಗೆ ಮುಂಚೆ ಎಚ್ಚರಗೊಳ್ಳುತ್ತದೆ. ಗರಿಯಿಂದ ಮೆಲ್ಲಗೆ ಕಲಸಿದ ಮೇಲೆಯೇ ದ್ರವ ಸೇರಬೇಕು. ಬರಿ ನೀರಿಗಿಂತ, ಲೀಟರಿಗೆ 4 ಗ್ರಾಂ ಉಪ್ಪು ಮತ್ತು 3 ಗ್ರಾಂ ಯೂರಿಯಾ ಕರಗಿಸಿದ ದ್ರಾವಣ ಮೇಲು. ಗೆಂಡೆಯ ಅಂಟು ಮೊಟ್ಟೆಗಳು ಗಂಟುಕಟ್ಟುವುದಿಲ್ಲ, ವೀರ್ಯಾಣುವೂ ಹೆಚ್ಚು ಹೊತ್ತು ಈಜುತ್ತದೆ.

ಇಷ್ಟಾದರೂ ಬೆಳ್ಳಗಾದರೆ ಹಿಂಡುವುದು ತಡವಾಯಿತೇ ಎಂದು ನೋಡಿ. ಪಕ್ವವಾಗಿ ಬಿಡುಗಡೆಯಾದ ಮೊಟ್ಟೆ ಹೊಟ್ಟೆಯೊಳಗೆ ಉಳಿದಷ್ಟೂ ಕೆಡುತ್ತದೆ, ನೀರು ಬೆಚ್ಚಗಿದ್ದರೆ ಇನ್ನೂ ಬೇಗ. ಬಿಳಿ ಮೊಟ್ಟೆಗಳನ್ನು ಅಂದೇ ಹೆಕ್ಕಿ ತೆಗೆಯಿರಿ. ಅವುಗಳ ಮೇಲೆ ಹುಟ್ಟುವ ಸ್ಯಾಪ್ರೊಲೆಗ್ನಿಯ ಬೂಷ್ಟು ಪಕ್ಕದ ಜೀವಂತ ಮೊಟ್ಟೆಗಳಿಗೂ ಹಬ್ಬುತ್ತದೆ.