ಆದೇಶ ಕೈಗೆ ಬಂದ ಮೇಲೆ ಏನಾಯಿತು ಬರೆಯಿರಿ

ಪ್ರಿಯ ಲೇಖಕಿಯವರೇ,

ನೀವು ಕಳಿಸಿದ ಕಥೆ ಓದಿದೆವು. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ದುಡಿಯುವ ಮುನಿರತ್ನಮ್ಮ ಹೊಡೆತ ತಾಳಲಾರದೆ ಚಿಂತಾಮಣಿಯ ತವರು ಸೇರುತ್ತಾಳೆ, ಅಲ್ಲಿಂದಲೇ ಬಸ್ಸಿನಲ್ಲಿ ಕೆಲಸಕ್ಕೆ ಓಡಾಡುತ್ತಾಳೆ. ಇನ್‌ಸ್ಪೆಕ್ಟರು ರಕ್ಷಣಾ ಆದೇಶ ಬರೆದುಕೊಡುತ್ತಾರೆ, ಗಂಡ ಅತ್ತೆ ಇಬ್ಬರೂ ಮನೆ ಬಿಡುತ್ತಾರೆ, ಮುಗಿಯಿತು. ಬಿಸಿನೀರಿನಲ್ಲಿ ಗೂಡು ಹುಡುಕುವ ಬೆರಳುಗಳನ್ನು ನೀವು ಕಂಡು ಬರೆದಿದ್ದೀರಿ. ಕಾನೂನಿನ ಭಾಗ ಮಾತ್ರ ಊಹೆ. ಅದೇ ಸ್ಥಿತಿಯಲ್ಲಿರುವ ಒಬ್ಬ ಹೆಣ್ಣುಮಗಳು ಇದನ್ನು ನಂಬಿ ಠಾಣೆಯಲ್ಲಿ ಆದೇಶ ಕೇಳಿದರೆ ಬರಿಗೈಯಲ್ಲಿ ಬರಬೇಕಾಗುತ್ತದೆ. ಹಾಗಾಗಿ ಈ ರೂಪದಲ್ಲಿ ಪ್ರಕಟಿಸುವುದಿಲ್ಲ.

2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯಲ್ಲಿ ಆದೇಶ ಕೊಡುವವರು ಮ್ಯಾಜಿಸ್ಟ್ರೇಟರು. ಸೆಕ್ಷನ್ 12ರ ಅರ್ಜಿಯನ್ನು ಆಕೆಯೇ ಹಾಕಬಹುದು, ಸಂರಕ್ಷಣಾಧಿಕಾರಿಯ ಮೂಲಕವೂ ಹಾಕಬಹುದು. ನಮ್ಮ ತಾಲ್ಲೂಕುಗಳಲ್ಲಿ ಆ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರದು. ತವರಿನಲ್ಲಿ ತಾತ್ಕಾಲಿಕವಾಗಿ ಇದ್ದರೂ ಚಿಂತಾಮಣಿ ಕೋರ್ಟಿಗೇ ಹೋಗಬಹುದು. ವಕೀಲರ ಫೀಜಿಗೆ ಓಲೆ ಮಾರುವ ದೃಶ್ಯ ತೆಗೆಯಿರಿ. ಹೆಣ್ಣುಮಕ್ಕಳಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತದೆ. ತುರ್ತಿದ್ದರೆ 3ನೇ ನಮೂನೆಯ ಪ್ರಮಾಣಪತ್ರ (ಅಫಿಡವಿಟ್) ಲಗತ್ತಿಸಿ, ಗಂಡನಿಗೆ ನೋಟಿಸ್ ಮುಟ್ಟುವ ಮೊದಲೇ ಮಧ್ಯಂತರ ಆದೇಶ ಕೊಡಿ ಎಂದು ಸೆಕ್ಷನ್ 23ರಡಿ ಕೇಳಬಹುದು. ಅಂತಿಮ ತೀರ್ಪಿಗೆ ಕಾಯ್ದೆ ಹೇಳುವುದು 60 ದಿನ, ಆದರೆ ವಾಯಿದೆಗಳು ಅದನ್ನು ದಾಟುತ್ತವೆ. ಮಧ್ಯಂತರ ಆದೇಶದ ಬೆಲೆ ಇರುವುದು ಅಲ್ಲೇ.

ನಿಮ್ಮ ನಿಜವಾದ ಕಥೆ ಅರ್ಜಿಯ ಕೊನೆಯ ಪುಟದಲ್ಲಿದೆ, ಅಂದರೆ ಏನೇನು ಬೇಕೆಂದು ಕೇಳುವ ಪ್ಯಾರಾದಲ್ಲಿ. ‘ಪ್ರತಿವಾದಿ ತೊಂದರೆ ಕೊಡಬಾರದು’ ಎಂದಷ್ಟೇ ಬರೆದರೆ ಆದೇಶವೂ ಅಷ್ಟೇ ಮೊಂಡಾಗಿ ಬರುತ್ತದೆ. ಸಂಜೆ ಕೆಲಸ ಬಿಡುವ ಹೊತ್ತಿಗೆ ಗಂಡ ಘಟಕದ ಗೇಟಿನ ಎದುರು ಸುಮ್ಮನೆ ಬೈಕ್ ನಿಲ್ಲಿಸಿಕೊಂಡಿರುತ್ತಾನೆ. ಬೈದಿಲ್ಲ, ಮುಟ್ಟಿಲ್ಲ. ಪೊಲೀಸರು ‘ಆರ್ಡರಲ್ಲಿ ಇದು ಎಲ್ಲಿದೆಯಮ್ಮ?’ ಎನ್ನುತ್ತಾರೆ. ಕೆಲಸದ ಜಾಗ, ಮಗುವಿನ ಶಾಲೆ, ತವರುಮನೆ ಮೂರನ್ನೂ ವಿಳಾಸ ಸಮೇತ ಬರೆಸಬೇಕಿತ್ತು. ಫೋನು, ವಾಟ್ಸಾಪ್, ಬೇರೆಯವರ ಕೈಲಿ ಹೇಳಿಕಳಿಸುವುದು, ಆಕೆಯ ಒಡವೆ ಮಾರುವುದು, ಆಶ್ರಯ ಕೊಟ್ಟ ಅಣ್ಣನನ್ನು ಬೆದರಿಸುವುದು, ಇವನ್ನೂ ಸೆಕ್ಷನ್ 18ರಡಿ ತಡೆಯಬಹುದು, ಕೇಳಿದ್ದರೆ.

ಇನ್ನೊಂದು ತೊಡಕು ನಿಮ್ಮ ಕಥೆಗೇ ಹೇಳಿ ಮಾಡಿಸಿದಂತಿದೆ. ಕಾಯ್ದೆಯ ಪ್ರಕಾರ ಆದೇಶದ ಉಚಿತ ಪ್ರತಿ ಹೋಗುವುದು ಅರ್ಜಿ ಹಾಕಿದ ಕೋರ್ಟಿನ ವ್ಯಾಪ್ತಿಯ ಠಾಣೆಗೆ, ಅಂದರೆ ಚಿಂತಾಮಣಿಗೆ. ಗಂಡ ನಿಲ್ಲುವುದು ಶಿಡ್ಲಘಟ್ಟದಲ್ಲಿ. ಆದೇಶ ದೇಶದ ಎಲ್ಲೆಡೆ ನಡೆಯುತ್ತದೆ, ನಿಜ, ಆದರೆ ಶಿಡ್ಲಘಟ್ಟ ಠಾಣೆಯವರು ಅದನ್ನು ಕಂಡೇ ಇರುವುದಿಲ್ಲ. ಅಲ್ಲಿಗೂ ಪ್ರತಿ ಕಳಿಸಿ ಎಂದು ಅರ್ಜಿಯಲ್ಲೇ ಕೇಳಬೇಕು, ಇಲ್ಲವೇ ದೃಢೀಕೃತ ನಕಲನ್ನು ತಾನೇ ಕೊಟ್ಟು ಸೀಲು ಹಾಕಿಸಿದ ಸ್ವೀಕೃತಿ ಇಟ್ಟುಕೊಳ್ಳಬೇಕು.

ಉಲ್ಲಂಘನೆಗೆ 1 ವರ್ಷದವರೆಗೆ ಸೆರೆ, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದು ಜಾಮೀನುರಹಿತ ಅಪರಾಧ. ಇನ್‌ಸ್ಪೆಕ್ಟರು ‘ಮೂವರು ಸಾಕ್ಷಿ ತಾ’ ಎನ್ನುವ ಮಾತು ಬೇಕಾದರೆ ಇರಲಿ, ಆದರೆ ಅದು ತಪ್ಪೆಂದು ಕಥೆಗೆ ಗೊತ್ತಿರಬೇಕು: ಆಕೆಯೊಬ್ಬಳ ಸಾಕ್ಷ್ಯದ ಮೇಲೇ ಅಪರಾಧ ನಡೆದಿದೆ ಎಂಬ ತೀರ್ಮಾನಕ್ಕೆ ಕೋರ್ಟು ಬರಬಹುದು.

ಅತ್ತೆಯ ವಿಷಯ ಚಿಕ್ಕದು. 2016ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹೆಂಗಸರೂ ಪ್ರತಿವಾದಿಗಳಾಗುತ್ತಾರೆ, ಆದರೆ ಮನೆ ಬಿಟ್ಟು ಹೋಗು ಎಂಬ ವಾಸದ ಆದೇಶವನ್ನು ಹೆಂಗಸಿನ ಮೇಲೆ ಮಾಡುವಂತಿಲ್ಲ. ಒಂದೇ ಸೂರಿನಡಿ ಅತ್ತೆ ಉಳಿದರೆ ನಿಮ್ಮ ಕೊನೆಯ ದೃಶ್ಯ ಇನ್ನಷ್ಟು ಬಿಗಿಯಾಗುತ್ತದೆ.

ತಿದ್ದಿ ಕಳಿಸಿ, ಖಂಡಿತ ಓದುತ್ತೇವೆ. ಪ್ರಕಟಿಸುವಾಗ ಕಥೆಯ ಕೆಳಗೆ ಮಹಿಳಾ ಸಹಾಯವಾಣಿ 181, ತುರ್ತು ಸಂಖ್ಯೆ 112 ಎರಡನ್ನೂ ಹಾಕುತ್ತೇವೆ.

— ಸಂಪಾದಕರು